ಕಾಫಿ ಕಣದ ಮೇಲೆ ಒಂದು ಹೆಜ್ಜೆ

ಕೊಡಗಿನಲ್ಲಿ ಥ್ರಿಲ್ಲರ್ ಮಾಡುತ್ತೇವೆ ಎಂದು ಬರುವ ವಿದ್ಯಾರ್ಥಿಗಳು ಮೊದಲು ತೋರಿಸುವುದು ಮಂಜಿನ ಶಾಟ್. ಸಿಲ್ವರ್ ಓಕ್ ಮರಗಳ ಸಾಲು, ಅದರೊಳಗೆ ಮಂಜು, ಮೇಲೆ ಡ್ರೋನ್. ನಲವತ್ತು ಸೆಕೆಂಡ್ ಅದೇ. ನೋಡೋಕೆ ಚೆನ್ನಾಗಿರುತ್ತದೆ, ಭಯ ಮಾತ್ರ ಆಗುವುದಿಲ್ಲ. ನಮ್ಮ ಕಡೆಯವರಿಗೆ ಮಂಜು ಅಂದರೆ ಬಟ್ಟೆ ಒಣಗದ ದಿನ, ಅಷ್ಟೇ ಅಲ್ವಾ?

ನಾನು ಎಡಿಟಿಂಗ್ ಮಾಡಿ ಬದುಕುವವನು. ಆಗಾಗ ಕಾಲೇಜು ಹುಡುಗರ ಕಿರುಚಿತ್ರಕ್ಕೂ ಜೊತೆಯಾಗುತ್ತೇನೆ. ಒಂದು ಜನವರಿಯಲ್ಲಿ ಸಿದ್ದಾಪುರದ ಕಡೆಯ ತೋಟವೊಂದರಲ್ಲಿ ಐದು ಜನ ಸೇರಿ ಮಾಡಿದ ಚಿತ್ರದ ಕಥೆ ನನಗೆ ತುಂಬ ಹಿಡಿಸಿತ್ತು. ರೊಬಸ್ಟಾ ಕಾಫಿಯ ಕೊಯ್ಲಿನ ಹೊತ್ತು. ಕಣದಲ್ಲಿ ಚೆರ್ರಿ ಕಾಫಿ, ಅಂದರೆ ಸಿಪ್ಪೆ ಸಮೇತದ ಹಣ್ಣು, ಒಣಗುತ್ತಿದೆ. ಕಳ್ಳರ ಕಾಟಕ್ಕೆ ಹುಡುಗನೊಬ್ಬ ರಾತ್ರಿ ಕಾವಲಿಗೆ ಕೂತಿದ್ದಾನೆ. ಕಾಫಿಯನ್ನು ಸಾಲು ಸಾಲಾಗಿ ಎಳೆದು ಚಹಾ ಕುಡಿಯಲು ಹೋಗುತ್ತಾನೆ. ಬಂದು ನೋಡಿದರೆ ಕಣದ ನಡುವೆ ಒಂದು ಹೆಜ್ಜೆ. ಬಂದ ಗುರುತಿಲ್ಲ, ಹೋದ ಗುರುತೂ ಇಲ್ಲ.

ಇದಕ್ಕೆ ಮಂಜೂ ಬೇಡ, ದೆವ್ವವೂ ಬೇಡ. ಆದರೆ ಹುಡುಗರು ಮೊದಲು ಜೋಡಿಸಿದ ಕಟ್‌ನಲ್ಲಿ ಎರಡನೇ ನಿಮಿಷಕ್ಕೇ ಕಳ್ಳನ ಮುಖ ಕಾಣುತ್ತಿತ್ತು. ಯಾಕೆ ಅಂತ ಕೇಳಿದೆ. "ಸಾರ್, ಆ ಶಾಟ್ ಚೆನ್ನಾಗಿ ಬಂದಿದೆ" ಎಂದರು.

ನಾನು ಅವರಿಗೆ ಜಿಗಣೆಯ ಲೆಕ್ಕ ಹೇಳಿದೆ. ಮಳೆಗಾಲದಲ್ಲಿ ತೋಟದಿಂದ ಬಂದು ಸಾಕ್ಸ್ ಬಿಚ್ಚಿದಾಗ ಕಾಲೆಲ್ಲ ರಕ್ತ ಕಂಡರೆ ಒಮ್ಮೆ ಬೆಚ್ಚುತ್ತೀರಿ, ಮುಗಿಯಿತು. ಅದೇ ಜಿಗಣೆ ಎದುರು ಕೂತ ನೆಂಟರ ಪ್ಯಾಂಟಿನ ಮೇಲೆ ಹತ್ತುತ್ತಿದೆ, ನಿಮಗೆ ಕಾಣುತ್ತಿದೆ, ಅವರು ಮಾತ್ರ ಮದುವೆ ಮಾತುಕತೆಯಲ್ಲಿ ಮುಳುಗಿದ್ದಾರೆ ಅನ್ನಿ. ಆಗ ಅವರ ಮಾತು ನಿಮ್ಮ ಕಿವಿಗೆ ಬೀಳುತ್ತದೆಯೇ? ನೋಡುವವನಿಗೆ ಯಾವುದು ಯಾವಾಗ ಗೊತ್ತಾಗಬೇಕು ಎಂಬುದನ್ನು ತೀರ್ಮಾನಿಸುವುದೇ ಥ್ರಿಲ್ಲರ್ ಎಡಿಟಿಂಗ್. ಕಳ್ಳನ ಮುಖದ ಶಾಟ್ ತೆಗೆದೆವು. ಅದರ ಬದಲು, ಹುಡುಗ ಚಹಾ ಕುಡಿಯುವಾಗ ಅವನ ಬೆನ್ನ ಹಿಂದೆ ದೂರದಲ್ಲಿ ಕಣದ ಬಲ್ಬ್ ಆರಿ ಮತ್ತೆ ಹತ್ತುವ ಶಾಟ್ ಇಟ್ಟೆವು. ಅವನು ನೋಡಲಿಲ್ಲ, ನಾವು ನೋಡಿದೆವು.

ಇಂಥ ಕಟ್ ಸಿಗಬೇಕಾದರೆ ಶೂಟಿಂಗ್‌ನಲ್ಲೇ ಅದಕ್ಕೆ ಬೇಕಾದ್ದು ಸಿಗಬೇಕು. ಕೊಡಗಿನಲ್ಲಿ ದೊಡ್ಡ ತಲೆನೋವು ಹವೆ. ಮಂಜು ಹತ್ತು ನಿಮಿಷಕ್ಕೆ ಬಂದು ಹತ್ತು ನಿಮಿಷಕ್ಕೆ ಹೋಗುತ್ತದೆ. ಹಾಗಾಗಿ ವೈಡ್ ಶಾಟ್, ಅಂದರೆ ಇಡೀ ಜಾಗ ಕಾಣುವ ಶಾಟ್, ಮೊದಲು ಮುಗಿಸಿ. ಕ್ಲೋಸಪ್‌ನಲ್ಲಿ ಹಿನ್ನೆಲೆ ಹೇಗೂ ಮಸುಕು, ಮಂಜು ಹೋದರೂ ಗೊತ್ತಾಗುವುದಿಲ್ಲ. ಮುಸ್ಸಂಜೆಯ ನೀಲಿ ಬೆಳಕು ನಮ್ಮಲ್ಲಿ ಇರುವುದು ಹೆಚ್ಚೆಂದರೆ 20 ನಿಮಿಷ. ಅದನ್ನು ನಂಬಿ ಮೂರು ಪುಟದ ದೃಶ್ಯ ಬರೆಯಬೇಡಿ. ಚಳಿಯಲ್ಲಿದ್ದ ಕ್ಯಾಮೆರಾವನ್ನು ಒಲೆ ಉರಿಯುವ ಕೋಣೆಗೆ ಏಕಾಏಕಿ ತಂದರೆ ಲೆನ್ಸ್ ಮೇಲೆ ನೀರು ಕೂರುತ್ತದೆ. ಬ್ಯಾಗಿನೊಳಗೇ ಸ್ವಲ್ಪ ಹೊತ್ತು ಬಿಡಿ.

ಫೋನಿನಲ್ಲಿ ತೆಗೆಯುವವರು ಎಕ್ಸ್‌ಪೋಶರ್ (ಬೆಳಕಿನ ಪ್ರಮಾಣ), ವೈಟ್ ಬ್ಯಾಲೆನ್ಸ್ (ಬಣ್ಣದ ಹದ) ಎರಡನ್ನೂ ಲಾಕ್ ಮಾಡಿ. ಇಲ್ಲದಿದ್ದರೆ ತೋಟದ ಹಸಿರಿಗೆ ಫೋನು ಶಾಟ್‌ಗೊಂದು ಬಣ್ಣ ಕೊಡುತ್ತದೆ. ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್ ಇಡಿ. ನಮ್ಮ ಕರೆಂಟು 50 ಹರ್ಟ್ಸ್. 1/60 ಇಟ್ಟರೆ ಕೆಲವು ಬಲ್ಬುಗಳ ಕೆಳಗೆ ಚಿತ್ರ ಮಿನುಗುತ್ತದೆ. ಇನ್ನೊಂದು, ಎಷ್ಟೋ ಫೋನುಗಳು ಫ್ರೇಮ್ ರೇಟನ್ನು ತಾವೇ ಏರಿಸಿ ಇಳಿಸುತ್ತಿರುತ್ತವೆ. ಎಡಿಟಿಂಗ್‌ಗೆ ಕೂತಾಗ ತುಟಿಗೂ ಮಾತಿಗೂ ತಾಳ ತಪ್ಪುತ್ತದೆ. ಒಂದೇ ಫ್ರೇಮ್ ರೇಟ್ ಹಿಡಿದಿಡುವ ಆ್ಯಪ್ ಬಳಸಿ, ಇಲ್ಲವೇ ಎಡಿಟ್‌ಗೆ ಮೊದಲು ಹ್ಯಾಂಡ್‌ಬ್ರೇಕ್‌ನಂಥ ಉಚಿತ ಸಾಫ್ಟ್‌ವೇರ್‌ನಲ್ಲಿ ಫೈಲುಗಳನ್ನು ಒಂದೇ ಫ್ರೇಮ್ ರೇಟಿಗೆ ಬದಲಿಸಿಕೊಳ್ಳಿ.

ರಾತ್ರಿಯ ಬೆಳಕಿಗೆ ನಮಗೆ ಒದಗಿದ್ದು ಹಳೆ ಜೀಪು. ಅದನ್ನು ಗಿಡಗಳ ಆಚೆ, ಕ್ಯಾಮೆರಾಗೆ ಎದುರಾಗಿ ನಿಲ್ಲಿಸಿ ಹೆಡ್‌ಲೈಟ್ ಹಾಕಿದೆವು. ಮಂಜು ಕಾಣುವುದೇ ಹಿಂದಿನಿಂದ ಬೆಳಕು ಬಿದ್ದಾಗ. ಮುಂದಿನಿಂದ ಟಾರ್ಚ್ ಬಿಟ್ಟರೆ ಬರೀ ಬಿಳಿ ಗೋಡೆ. ಸೌಂಡ್‌ಗಾಗಿ ಎಂಜಿನ್ ಆಫ್ ಮಾಡಿದ್ದರಿಂದ ಎರಡು ಸಲ ಬ್ಯಾಟರಿ ಇಳಿಯಿತು. ತಳ್ಳಿದವನೂ ನಾನೇ.

ಓಟದ ದೃಶ್ಯದಲ್ಲಿ ದಿಕ್ಕು ತಪ್ಪಿಸಬೇಡಿ. ಇದನ್ನು ನಾನು ಕಲಿತದ್ದು ನನ್ನದೇ ಮೊದಲ ಕಿರುಚಿತ್ರದಲ್ಲಿ. ಓಡುವವನು ಎಡದಿಂದ ಬಲಕ್ಕೆ ಹೋಗುತ್ತಿದ್ದ. ಅಟ್ಟಿಸಿಕೊಂಡು ಬರುವವನನ್ನು ಮಾತ್ರ ದಾರಿಯ ಆಚೆ ಬದಿಯಿಂದ ತೆಗೆದಿದ್ದೆ, ಅವನು ಬಲದಿಂದ ಎಡಕ್ಕೆ ಬಂದ. ಜೋಡಿಸಿ ನೋಡಿದರೆ ಇಬ್ಬರೂ ಅಪ್ಪಿಕೊಳ್ಳಲು ಓಡಿ ಬರುವ ಹಾಗಿತ್ತು. ಹಾಲ್ ತುಂಬ ನಗು. ದಿಕ್ಕು ಬದಲಿಸಲೇಬೇಕು ಅಂದರೆ ನಡುವೆ ಕ್ಯಾಮೆರಾದ ಕಡೆಗೇ ನೇರ ಓಡಿ ಬರುವ ಒಂದು ಶಾಟ್ ಹಾಕಿ.

ಕೊಡಗಿನಲ್ಲಿ ಮಾತ್ರ ಬರುವ ಒಂದು ಪ್ರಶ್ನೆಯಿದೆ: "ಸಾರ್, ಮನೆಯಿಂದ ಕೋವಿ ತರಲಾ?" ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸ್ ವಿನಾಯಿತಿ ಬ್ರಿಟಿಷರ ಕಾಲದಿಂದ ಇದೆ. ಹಾಗಾಗಿ ಕೋವಿ ಸಿಗುವುದು ಕಷ್ಟವಲ್ಲ. ನನ್ನ ಉತ್ತರ ಯಾವಾಗಲೂ ಬೇಡ. ಖಾಲಿ ಇದೆ ಎಂದರೂ ಬೇಡ. 2021ರ ಅಕ್ಟೋಬರ್‌ನಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಚಿತ್ರೀಕರಣಕ್ಕೆ ತಯಾರಿ ನಡೆಯುವಾಗ, ಒಳಗೆ ನಿಜವಾದ ಗುಂಡಿಲ್ಲ ಎಂದು ನಂಬಿದ್ದ ರಿವಾಲ್ವರಿನಿಂದಲೇ ಗುಂಡು ಹಾರಿ ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ತೀರಿಕೊಂಡರು. ಅಲ್ಲಿ ಆಯುಧ ನೋಡಿಕೊಳ್ಳಲೆಂದೇ ಜನ ಇದ್ದರು. ನಿಮ್ಮ ಹತ್ತಿರ ಯಾರಿದ್ದಾರೆ? ಮರದ ತುಂಡಿಗೆ ಕಪ್ಪು ಬಣ್ಣ ಬಳಿಯಿರಿ, ರಾತ್ರಿ ದೃಶ್ಯಕ್ಕೆ ಅಷ್ಟು ಸಾಕು.

ಹಾಗೆಯೇ ಶೂಟಿಂಗ್ ವಿಷಯವನ್ನು ತೋಟದ ಮಾಲೀಕರಿಗೆ, ಲೈನ್ ಮನೆಯವರಿಗೆ (ತೋಟದ ಕಾರ್ಮಿಕರ ಸಾಲುಮನೆಗಳವರಿಗೆ), ಪೊಲೀಸ್ ಠಾಣೆಗೆ ಮೊದಲೇ ತಿಳಿಸಿ. ಕಾಫಿ ಕಳ್ಳತನದ ಕಾಲದಲ್ಲಿ ಮುಖ ಮುಚ್ಚಿಕೊಂಡು ಕಣದ ಸುತ್ತ ಓಡಾಡಿದರೆ ಜನ ಕ್ಯಾಮೆರಾ ಎಲ್ಲಿದೆ ಎಂದು ಹುಡುಕುತ್ತಾ ಕೂರುವುದಿಲ್ಲ. ಸಿದ್ದಾಪುರದ ಸುತ್ತ ಆನೆ ಬೇರೆ. ನಾವು ರಾತ್ರಿ ದೃಶ್ಯಗಳನ್ನೆಲ್ಲ ಮನೆಗೆ ತಾಗಿದ ಕಣದಲ್ಲೇ ಮುಗಿಸಿದೆವು. ತೋಟದೊಳಗಿನ ರಾತ್ರಿ ಎಂದು ನೀವು ನೋಡುವುದು ಮೋಡ ಕವಿದ ಮಧ್ಯಾಹ್ನ. ಆಕಾಶ ಫ್ರೇಮಿಗೆ ಬಾರದಂತೆ, ಎಕ್ಸ್‌ಪೋಶರ್ ಇಳಿಸಿ ತೆಗೆದು, ಆಮೇಲೆ ಸ್ವಲ್ಪ ನೀಲಿ ಮಾಡಿದ್ದು.

ಇನ್ನು ಸೌಂಡ್. ನನ್ನ ಪ್ರಕಾರ ಥ್ರಿಲ್ಲರ್‌ನ ಅರ್ಧಕ್ಕಿಂತ ಜಾಸ್ತಿ ಕೆಲಸ ಇಲ್ಲೇ ಇದೆ. ತೋಟದಲ್ಲಿ ರಾತ್ರಿ ಕೀಟಗಳ ಚಿರ್ರ್ ಸದ್ದು ನಿಲ್ಲುವುದಿಲ್ಲ. ಆದರೆ ಒಂದೊಂದು ಶಾಟ್‌ನಲ್ಲಿ ಅದರ ಏರಿಳಿತ ಬೇರೆ ಬೇರೆ. ಹಾಗೇ ಜೋಡಿಸಿದರೆ ಪ್ರತಿ ಕಟ್‌ನಲ್ಲೂ ಸದ್ದು ಜಿಗಿಯುತ್ತದೆ. ನಾಯ್ಸ್ ತೆಗೆಯುವ ಸಾಫ್ಟ್‌ವೇರ್ ಜೋರಾಗಿ ಹಾಕಿದರೆ ಮಾತಿನ ಸ, ಶ ಕೂಡ ಸವೆದುಹೋಗುತ್ತದೆ. ಅದಕ್ಕೇ ಎಲ್ಲರನ್ನೂ ಸುಮ್ನೆ ನಿಲ್ಲಿಸಿ ಐದು ನಿಮಿಷ ಬರೀ ರಾತ್ರಿಯನ್ನು ರೆಕಾರ್ಡ್ ಮಾಡಿಕೊಂಡೆವು. ಅದನ್ನು ಇಡೀ ದೃಶ್ಯದ ಅಡಿಗೆ ಚಾಪೆಯಂತೆ ಹಾಸಿದೆ.

ಆ ಚಾಪೆಯನ್ನು ಎಳೆದದ್ದು ಹೆಜ್ಜೆ ಕಾಣುವ ಜಾಗದಲ್ಲಿ. ಮೊದಲು ಹೆಜ್ಜೆ ಕಂಡ ಕೂಡಲೇ ಸದ್ದು ನಿಲ್ಲಿಸಿ ನೋಡಿದೆ, ಏನೂ ಆಗಲಿಲ್ಲ. ಆಮೇಲೆ ಹುಡುಗ ಇನ್ನೂ ಲೋಟ ಹಿಡಿದು ನಡೆದು ಬರುತ್ತಿರುವಾಗಲೇ, ಹೆಜ್ಜೆ ಕಾಣಲು ಎರಡು ಸೆಕೆಂಡ್ ಇರುವಾಗ ನಿಲ್ಲಿಸಿದೆ. ಹುಡುಗನೂ ನಿಂತ. ಅವನು ಯಾಕೆ ನಿಂತ ಎಂದು ನಾವು ಕೇಳಿಕೊಳ್ಳುತ್ತೇವೆ. ಆಗ ಹೆಜ್ಜೆ. ಅಲ್ಲಿಂದ ಅವನ ಮುಖಕ್ಕೆ ಹೋಗುವ ಕಟ್ಟನ್ನು 6 ಫ್ರೇಮ್, ಅಂದರೆ ಸುಮಾರು ಕಾಲು ಸೆಕೆಂಡ್, ತಡ ಮಾಡಿದೆ. ಸಂಗೀತ ಹಾಕೋಣ ಅಂತ ಹುಡುಗರು ಹಟ ಹಿಡಿದರು, ನಾನು ಒಪ್ಪಲಿಲ್ಲ. ಹಿನ್ನೆಲೆ ಸಂಗೀತದ ಮೇಲೆ ನನಗೆ ಸ್ವಲ್ಪ ಅಸೂಯೆಯೇ ಇದೆ ಅನ್ನಿ.

ಹದಿನಾಲ್ಕು ನಿಮಿಷದ ಕಟ್ ಎಂಟಕ್ಕೆ ಇಳಿಯಿತು. ಡ್ರೋನ್ ಶಾಟ್ ಹೋಯಿತು. ಮಾರ್ಚ್‌ನಲ್ಲಿ ತೋಟದ ಮನೆಯ ಜಗುಲಿಯಲ್ಲೇ ಮೊದಲ ಬಾರಿ ತೋರಿಸಿದೆವು. ನೋಡಿದವರಲ್ಲಿ ತೋಟದ ರೈಟರ್ ಇದ್ದರು. ಹೊರಗಿನವರಿಗೆ ಹೇಳಬೇಕು, ಎಸ್ಟೇಟ್‌ನಲ್ಲಿ ರೈಟರ್ ಅಂದರೆ ಕಥೆ ಬರೆಯುವವರಲ್ಲ, ಆಳುಗಳ ಲೆಕ್ಕ ಬರೆಯುವವರು. ಚಿತ್ರ ಮುಗಿದ ಮೇಲೆ ಅವರು ಕೇಳಿದ್ದು ಒಂದೇ: "ಕಳ್ಳ ಕೊನೆಯಲ್ಲಿ ಗಂಬೂಟು ಹಾಕಿದ್ದಾನೆ. ಕಣದಲ್ಲಿರೋ ಹೆಜ್ಜೆ ಬರಿಗಾಲಿಂದು. ಹೇಗೆ?"

ನೂರು ಸಲ ನೋಡಿದ ನಮ್ಮ ಆರು ಜನರಲ್ಲಿ ಒಬ್ಬರಿಗೂ ಅದು ಕಂಡಿರಲಿಲ್ಲ. ಅಷ್ಟರಲ್ಲಿ ಕಾಫಿಯೆಲ್ಲ ಚೀಲ ತುಂಬಿ ಕ್ಯೂರಿಂಗ್‌ಗೆ, ಅಂದರೆ ಸಿಪ್ಪೆ ತೆಗೆದು ಬೀಜ ಮಾಡುವಲ್ಲಿಗೆ, ಹೋಗಿತ್ತು, ಕಣ ಖಾಲಿ. ರೈಟರೇ ಎಲ್ಲಿಂದಲೋ ಎರಡು ಡಬ್ಬ ಚೆರ್ರಿ ತಂದುಕೊಟ್ಟರು. ಅಂಗಳದಲ್ಲಿ ನಾಲ್ಕಡಿ ಜಾಗಕ್ಕೆ ಹರಡಿ, ಬೆರಳಲ್ಲೇ ಸಾಲು ಎಳೆದು, ಅವರದೇ ಗಂಬೂಟು ಒತ್ತಿ ಮೂರು ಸೆಕೆಂಡಿನ ಕ್ಲೋಸಪ್ ತೆಗೆದೆವು. ಈಗ ಚಿತ್ರದಲ್ಲಿರುವುದು ಆ ಹೆಜ್ಜೆ.