ಡಿಎಂಪಿ: 283 ಡಿಗ್ರಿಗೆ ಕುದಿಯುವ ಎಣ್ಣೆ ಸೊಳ್ಳೆಯನ್ನು ಓಡಿಸುವುದು ಹೇಗೆ?

ಎಸ್ಟರ್ ಪಾಠ ಓದುತ್ತಿರುವ ಬಿ.ಎಸ್ಸಿ. ಗೆಳೆಯರಿಗಾಗಿ ಈ ಟಿಪ್ಪಣಿ. ಡಿಎಂಪಿ ಅಂದರೆ ಡೈಮೀಥೈಲ್ ಥ್ಯಾಲೇಟ್, ಸೊಳ್ಳೆ ದೂರ ಇಡಲು ಮೈಗೆ ಹಚ್ಚುವ ಎಣ್ಣೆ. ಬೆಂಜೀನ್ ಉಂಗುರದ ಅಕ್ಕಪಕ್ಕದ ಎರಡು ಕಾರ್ಬನ್‌ಗಳಿಗೆ ಒಂದೊಂದು ಮೀಥೈಲ್ ಎಸ್ಟರ್. ಅಣುತೂಕ 194. ಥ್ಯಾಲಿಕ್ ಆನ್‌ಹೈಡ್ರೈಡ್‌ಗೆ ಮೆಥನಾಲ್ ಸೇರಿಸಿ, ಸ್ವಲ್ಪ ಸಲ್ಫ್ಯೂರಿಕ್ ಆಮ್ಲ ಹಾಕಿ ಕಾಯಿಸಿದರೆ ಸಿಗುತ್ತದೆ. ಮೆಕ್ಯಾನಿಸಂ ಬರೆಯುತ್ತಿಲ್ಲ, ಆಮ್ಲ, ಆಲ್ಕೋಹಾಲ್ ಸೇರಿಸಿ ಎಸ್ಟರ್ ಮಾಡುವ ಫಿಶರ್ ವಿಧಾನ ಗೊತ್ತಿದ್ದರೆ ಸಾಕು.

ನೋಡಲು ಬಣ್ಣವಿಲ್ಲದ ಎಣ್ಣೆ. ಆದರೆ ಪ್ರನಾಳದಲ್ಲಿ ನೀರು ತೆಗೆದುಕೊಂಡು ಒಂದು ಹನಿ ಬಿಟ್ಟು ನೋಡಿ. ತೇಲುವುದಿಲ್ಲ. ಗುಂಡಗೆ, ಮಣಿಯ ಹಾಗೆ ನಿಧಾನವಾಗಿ ಇಳಿದು ತಳದಲ್ಲಿ ಕೂರುತ್ತದೆ. ಸಾಂದ್ರತೆ 1.19, ನೀರಿಗಿಂತ ಜಾಸ್ತಿ. ಲೀಟರ್ ನೀರಿನಲ್ಲಿ ಕರಗುವುದು ಸುಮಾರು 4 ಗ್ರಾಂ ಮಾತ್ರ.

ಈಗ ನನ್ನ ತಲೆ ತಿಂದ ಪ್ರಶ್ನೆಗೆ ಬರೋಣ. ಇದರ ಕುದಿಬಿಂದು ಸುಮಾರು 283 ಡಿಗ್ರಿ ಸೆಲ್ಸಿಯಸ್. ನಮ್ಮ ಚರ್ಮ 33–34 ಡಿಗ್ರಿ. ಸೊಳ್ಳೆ ದೂರ ಹೋಗಬೇಕಾದರೆ ಆವಿ ಅದರ ಮೀಸೆಗೆ ತಟ್ಟಬೇಕು. ಕುದಿಯದೆ ಆವಿ ಎಲ್ಲಿಂದ ಬರಬೇಕು?

ಕುದಿಯುವುದು ಬೇರೆ, ಆವಿಯಾಗುವುದು ಬೇರೆ. ಹಿತ್ತಲಲ್ಲಿ ಹಾಕಿದ ಒದ್ದೆ ಬಟ್ಟೆ ಒಣಗಲು ನೀರು 100 ಡಿಗ್ರಿ ಮುಟ್ಟಬೇಕಿಲ್ಲ, ಅಲ್ವಾ? ದ್ರವದ ಮೇಲ್ಮೈಯಿಂದ ಅಣುಗಳು ಯಾವ ಉಷ್ಣತೆಯಲ್ಲೂ ತಪ್ಪಿಸಿಕೊಳ್ಳುತ್ತಲೇ ಇರುತ್ತವೆ. ಎಷ್ಟು ತಪ್ಪಿಸಿಕೊಳ್ಳುತ್ತವೆ ಅನ್ನುವುದನ್ನು ಹೇಳುವುದು ಆವಿಯ ಒತ್ತಡ. ಆ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕೆ ಸಮವಾದಾಗ ಮಾತ್ರ ಕುದಿತ. ಅದಕ್ಕಿಂತ ಕೆಳಗೆ ಆವಿ ಕಡಿಮೆ ಇರುತ್ತದೆ, ಆದರೆ ಇರುತ್ತದೆ.

ಎಷ್ಟು ಅಂತ ಲೆಕ್ಕ ಮಾಡಿದರೆ ವಿಷಯ ತಲೆಯಲ್ಲಿ ಗಟ್ಟಿಯಾಗಿ ಕೂರುತ್ತದೆ. 20 ಡಿಗ್ರಿಯಲ್ಲಿ ಡಿಎಂಪಿಯ ಆವಿಯ ಒತ್ತಡ ಹೆಚ್ಚೆಂದರೆ 0.01 ಮಿ.ಮೀ. ಪಾದರಸ. ನೀರಿನದು 17.5. ಒಂದು ಘನ ಮೀಟರ್ ಗಾಳಿಯಲ್ಲಿ ಆ ಉಷ್ಣತೆಗೆ ಸುಮಾರು 41.6 ಮೋಲ್ ಅನಿಲ ಇರುತ್ತದೆ. 0.01 ಅನ್ನು ಗಾಳಿಯ ಒತ್ತಡವಾದ 760ರಿಂದ ಭಾಗಿಸಿ, 41.6ರಿಂದ ಗುಣಿಸಿ, ಮತ್ತೆ ಅಣುತೂಕ 194ರಿಂದ ಗುಣಿಸಿ. ಬರುವುದು 0.106 ಗ್ರಾಂ, ಅಂದರೆ ಸುಮಾರು 100 ಮಿಲಿಗ್ರಾಂ. ಗಾಳಿ ಪೂರ್ತಿ ತುಂಬಿಕೊಂಡರೂ ಇದಕ್ಕಿಂತ ಮೇಲೆ ಹೋಗದು. ಚರ್ಮದ ಮೇಲಿನ ತೆಳು ಪದರದಲ್ಲಿ ಸೊಳ್ಳೆಗೆ ತಟ್ಟಲು ಇದು ಸಾಕು. ಬೇಗ ಆರಿಹೋಗದ ಕಾರಣ ಕೆಲವು ಗಂಟೆ ಕೆಲಸವನ್ನೂ ಮಾಡುತ್ತದೆ. ಅಸಿಟೋನ್ ತರಹ ಹಾರಿಹೋಗುವಂಥದ್ದಾದರೆ ಹಚ್ಚಿದ ನಿಮಿಷದಲ್ಲೇ ಖಾಲಿ. ಮೇಣದಂತೆ ಕೂತೇ ಬಿಡುವಂಥದ್ದಾದರೆ ಸೊಳ್ಳೆಗೆ ಗೊತ್ತೇ ಆಗುವುದಿಲ್ಲ. ವಿಕರ್ಷಕಕ್ಕೆ, ಅಂದರೆ ಕೀಟವನ್ನು ದೂರ ಇಡುವ ವಸ್ತುವಿಗೆ, ಬೇಕಾದದ್ದು ಈ ನಡುವಿನ ಗುಣ, ನನಗಂತೂ ಇಡೀ ಪಾಠದಲ್ಲಿ ಇದೇ ಮಸ್ತ್ ಅನಿಸಿತು. ಉಷ್ಣತೆ ಏರಿದಂತೆ ಆವಿಯ ಒತ್ತಡವೂ ಏರುತ್ತದೆ. ಅದಕ್ಕೇ ಬೆಳಗಾವಿಯ ಜುಲೈ ಮಳೆಯಲ್ಲಿ ಬಾಳುವಷ್ಟು ಹೊತ್ತು ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ ಬಾಳದು. ಬೆವರು ತೊಳೆದುಕೊಂಡು ಹೋಗುವುದು ಬೇರೆ. ಇನ್ನೊಂದು ಮಾತು: ಇದು ಸೊಳ್ಳೆಯನ್ನು ಕೊಲ್ಲುವುದಿಲ್ಲ, ದೂರ ಇಡುತ್ತದೆ ಅಷ್ಟೇ.

ಕೀಟ ವಿಕರ್ಷಕವಾಗಿ ಇದು 1929ರಿಂದ ಗೊತ್ತಿದೆ. ಎರಡನೇ ಮಹಾಯುದ್ಧದಲ್ಲಿ ಸೈನಿಕರಿಗೆ ಇನ್ನೆರಡು ವಿಕರ್ಷಕಗಳ ಜೊತೆ 6:2:2 ಪ್ರಮಾಣದಲ್ಲಿ ಬೆರೆಸಿ ಕೊಡುತ್ತಿದ್ದರು. ಬೆಳಗಾವಿ ಕ್ಯಾಂಪ್ ಕಡೆಯ ಹಳೆಯ ಸೈನಿಕರನ್ನು ಕೇಳಿ ನೋಡಿ, ‘ಡಿಎಂಪಿ ಎಣ್ಣೆ’ ಅಂದರೆ ಗುರುತು ಹಿಡಿದಾರು. 1946ರಲ್ಲಿ ಬಂದ ಡೀಟ್ ಎಂಬ ವಿಕರ್ಷಕ ಆಮೇಲೆ ಇದರ ಜಾಗ ಹಿಡಿಯಿತು.

ದ್ರಾವಕವಾಗಿ ಇದು ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್ ಅನ್ನು ಮೆತ್ತಗೆ ಮಾಡುತ್ತದೆ. ಕಾರ್ಖಾನೆಗೆ ಇದು ಗುಣ, ಹಚ್ಚಿಕೊಂಡವರಿಗೆ ತೊಂದರೆ. ಕೈಗೆ ಹಚ್ಚಿ ಕನ್ನಡಕ ಮುಟ್ಟಿದರೆ ಪ್ಲಾಸ್ಟಿಕ್ ಫ್ರೇಮ್ ಮಂಕಾಗಬಹುದು. ಉಗುರುಬಣ್ಣ, ಕೆಲವು ರೇಯಾನ್ ಬಟ್ಟೆ ಕೂಡ ಹಾಳಾಗುತ್ತವೆ. ಹತ್ತಿ, ಉಣ್ಣೆಗೆ ಏನೂ ಆಗದು.

ಸುರಕ್ಷತೆಯಲ್ಲಿ ಮೇಲಿನ ಲೆಕ್ಕವೇ ಮತ್ತೆ ಕೆಲಸಕ್ಕೆ ಬರುತ್ತದೆ. ಅಮೆರಿಕದಲ್ಲಿ ಕೆಲಸದ ಜಾಗದ ಮಿತಿ, 8 ಗಂಟೆಯ ಸರಾಸರಿಯಲ್ಲಿ, ಘನ ಮೀಟರ್‌ಗೆ 5 ಮಿಲಿಗ್ರಾಂ. ಮುಚ್ಚಿದ ಕೋಣೆಯಲ್ಲಿ ಚೆಲ್ಲಿ ಸುಮ್ನೆ ಬಿಟ್ಟರೆ ಆವಿ ಆ ಮಿತಿ ದಾಟಬಹುದು. ಕಿಟಕಿ ತೆರೆದಿಡಿ. ಕಣ್ಣು, ತುಟಿ, ಗಾಯದ ಹತ್ತಿರ ತಾಗಿಸಬೇಡಿ, ಉರಿಯುತ್ತದೆ. ಬೆಂಕಿಯ ಭಯ ಕಡಿಮೆ, ಫ್ಲ್ಯಾಶ್ ಪಾಯಿಂಟ್ (ಆವಿ ಕಿಡಿಗೆ ಹೊತ್ತಿಕೊಳ್ಳುವ ಉಷ್ಣತೆ) 146 ಡಿಗ್ರಿ. ‘ಥ್ಯಾಲೇಟ್’ ಅಂದ ಕೂಡಲೇ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಸಂತಾನಶಕ್ತಿಗೆ ಹಾನಿಕರ ಎಂದು ಯುರೋಪಿನಲ್ಲಿ ವರ್ಗೀಕರಿಸಿದ ಡೈಬ್ಯುಟೈಲ್ ಥ್ಯಾಲೇಟ್‌ನಂಥವುಗಳ ಪಟ್ಟಿಯಲ್ಲಿ ಡಿಎಂಪಿ ಇಲ್ಲ.

ಫೈಬರ್‌ಗ್ಲಾಸ್ ಕೆಲಸದವರು ರೆಸಿನ್‌ಗೆ ಹಾಕುವ ಹಾರ್ಡನರ್‌ನಲ್ಲೂ ಹೆಚ್ಚಾಗಿ ಇದೇ ಇರುತ್ತದೆ. ಅಲ್ಲಿರುವ ಪೆರಾಕ್ಸೈಡ್ ಸಿಡಿಯದಂತೆ ತೆಳುಗೊಳಿಸುವುದು ಇದರ ಕೆಲಸ. ಆದರೆ ಆ ಬಾಟಲಿಯಲ್ಲಿ ಹೆದರಬೇಕಾದ್ದು ಪೆರಾಕ್ಸೈಡ್‌ಗೆ: ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋದೀತು, ರೆಸಿನ್ ಬೇಗ ಗಟ್ಟಿಯಾಗಲು ಹಾಕುವ ಕೋಬಾಲ್ಟ್ ದ್ರಾವಣದ ಜೊತೆ ನೇರವಾಗಿ ಬೆರೆಸಿದರೆ ಸಿಡಿದೀತು.