ಕೂರಿಗೆಯ ಸಾಲು, ಕುಂಟೆಯ ಗೆರೆ: ಸ್ನೋಬೋರ್ಡ್ ಕಾರ್ವಿಂಗ್ ಕುರಿತು ಒಂದು ಅಧ್ಯಯನ ಟಿಪ್ಪಣಿ

ಹೊಲದಲ್ಲಿ ಕೂರಿಗೆ ಹೋದ ಮೇಲೆ ಉಳಿಯುವ ಗುರುತು ಬೇರೆ, ಕುಂಟೆ ಹೋದ ಮೇಲೆ ಉಳಿಯುವ ಗುರುತು ಬೇರೆ ಎಂಬುದನ್ನು ವಿಜಯಪುರದ ಎರೆ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೂರಿಗೆಯ ಮೊನೆ ತಾನು ಸಾಗುವ ದಿಕ್ಕಿನಲ್ಲಿಯೇ ಮಣ್ಣನ್ನು ಸೀಳಿ ಸಣ್ಣ ಸಾಲು ಬಿಡುತ್ತದೆ; ಕುಂಟೆಯ ಅಲಗು ಅಡ್ಡಲಾಗಿ ಎಳೆಯಲ್ಪಟ್ಟು ಮೇಲ್ಮಣ್ಣನ್ನು ಕೆರೆಯುತ್ತ ಹೋಗುತ್ತದೆ. ಸ್ನೋಬೋರ್ಡ್ ಎಂದರೆ ಎರಡೂ ಪಾದಗಳನ್ನು ಬಿಗಿದುಕೊಂಡು ಹಿಮದ ಮೇಲೆ ಜಾರುವ ಹಲಗೆ; ಅದು ತಿರುಗುವ ಬಗೆಗಳೂ ಈ ಎರಡೇ. ಬೋರ್ಡಿನ ಉಕ್ಕಿನ ಅಂಚು ತನ್ನ ಉದ್ದಕ್ಕೂ ಒಂದೇ ಗೆರೆಯನ್ನು ಕೊರೆಯುತ್ತ, ಮುಂಭಾಗ ಹೋದ ದಾರಿಯಲ್ಲಿಯೇ ಹಿಂಭಾಗವೂ ಸಾಗಿದರೆ ಅದನ್ನು ಕಾರ್ವಿಂಗ್ ಎನ್ನುತ್ತಾರೆ. ಹಿಂಭಾಗ ಹೊರಕ್ಕೆ ಜಾರಿ ಹಿಮವನ್ನು ಅಗಲವಾಗಿ ಕೆರೆದರೆ ಅದು ಸ್ಕಿಡ್. ವೇಗ ತಗ್ಗಿಸುವುದಕ್ಕೆ ಸ್ಕಿಡ್ ಬೇಕೇ ಬೇಕು, ಕಲಿಯುವವರು ಮೊದಲು ಕಲಿಯುವುದೂ ಅದನ್ನೇ. ಈ ಟಿಪ್ಪಣಿಯ ವಿಷಯ ಮಾತ್ರ ಮೊದಲನೆಯದು.

ಫೆಬ್ರುವರಿಯಲ್ಲಿ ಕಾಶ್ಮೀರದ ಗುಲ್ಮಾರ್ಗಕ್ಕೆ ಹೊರಡಲಿರುವ ನಮ್ಮ ಸಣ್ಣ ಗುಂಪಿನಲ್ಲಿ ಹೆಚ್ಚಿನವರು ಸೈಕಲ್ ರೇಸಿನ ಅಭ್ಯಾಸವಿದ್ದವರು. ವಿಜಯಪುರ ಮತ್ತು ಬಾಗಲಕೋಟೆಯಲ್ಲಿ ಸೈಕಲ್ ಬಿಟ್ಟು ಬೇರೆ ಕ್ರೀಡೆಯ ಮಾತೆತ್ತಿದರೂ ಕೊನೆಗೆ ಉದಾಹರಣೆ ಸೈಕಲ್ಲಿಗೇ ಬಂದು ನಿಲ್ಲುವುದು ಸಹಜ. ಆದರೆ ಈ ವಿಷಯದಲ್ಲಿ ಸೈಕಲ್ಲಿನ ಅನುಭವ ಅರ್ಧ ದಾರಿಯವರೆಗೆ ಮಾತ್ರ ಜೊತೆಗೆ ಬರುತ್ತದೆ; ಆಮೇಲೆ ಅದೇ ಅಡ್ಡಿಯಾಗುತ್ತದೆ. ನಾನು ಎಡವಿದ್ದು ಅಲ್ಲಿಯೇ ಆದ್ದರಿಂದ ಅದನ್ನೇ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಓರೆ, ವೇಗ ಮತ್ತು ತಿರುವು

ಸೈಕಲ್ಲಿನಲ್ಲಿ ತಿರುವಿನ ತ್ರಿಜ್ಯವನ್ನು ನಾವು ಆರಿಸಿಕೊಳ್ಳುತ್ತೇವೆ, ವೇಗವನ್ನೂ ಆರಿಸಿಕೊಳ್ಳುತ್ತೇವೆ. ಅವೆರಡಕ್ಕೆ ತಕ್ಕಂತೆ ದೇಹ ಎಷ್ಟು ಓರೆಯಾಗಬೇಕೋ ಅಷ್ಟು ಓರೆಯಾಗುತ್ತದೆ. ಓರೆಯ ಕೋನದ ಟ್ಯಾಂಜೆಂಟ್ ಎಂದರೆ ವೇಗದ ವರ್ಗವನ್ನು ತ್ರಿಜ್ಯ ಮತ್ತು ಗುರುತ್ವ ವೇಗೋತ್ಕರ್ಷದ ಗುಣಲಬ್ಧದಿಂದ ಭಾಗಿಸಿದಾಗ ಬರುವ ಸಂಖ್ಯೆ, ಎಂದು ಪಿಯುಸಿಯಲ್ಲಿ ಓದಿದ ಸೂತ್ರ ಇದೇ. ಡಾಂಬರು ಮತ್ತು ಟೈರಿನ ನಡುವಿನ ಘರ್ಷಣೆಯ ಗುಣಾಂಕ 0.8 ಎಂದು ಹಿಡಿದರೆ ಸುಮಾರು 39 ಡಿಗ್ರಿಗಿಂತ ಹೆಚ್ಚು ವಾಲಿದ ಸೈಕಲ್ ಜಾರಿ ಬೀಳುತ್ತದೆ.

ಹಿಮದ ಮೇಲಿನ ಘರ್ಷಣೆ ಇದಕ್ಕೆ ಹೋಲಿಸಿದರೆ ಇಲ್ಲವೆನ್ನುವಷ್ಟು ಕಡಿಮೆ. ಹಾಗಿದ್ದೂ ಪಳಗಿದ ಕಾರ್ವಿಂಗ್ ಸವಾರರು 60 ಡಿಗ್ರಿಯನ್ನೂ ಮೀರಿ ವಾಲಿ ನೆಲವನ್ನು ಕೈಯಿಂದ ಸವರುವುದು ಹೇಗೆ? ಅವರನ್ನು ಹಿಡಿದಿಡುವುದು ಘರ್ಷಣೆಯಲ್ಲ, ಅಂಚು ತಾನೇ ಕೊರೆದುಕೊಂಡ ತೋಡಿನ ಗೋಡೆ. ಮಳೆಗಾಲದ ಎರೆಮಣ್ಣಿನಲ್ಲಿ ಬಂಡಿಯ ಗಾಲಿ ಮಾಡಿದ ಜಾಡಿಗೆ ಇಳಿದ ಸೈಕಲ್ಲನ್ನು ಪಕ್ಕಕ್ಕೆ ತಿರುಗಿಸಲು ಪ್ರಯತ್ನಪಟ್ಟವರಿಗೆ ಈ ಗೋಡೆಯ ಬಲ ಗೊತ್ತಿದೆ.

ಎರಡನೆಯ ವ್ಯತ್ಯಾಸ ಇನ್ನೂ ಮುಖ್ಯವಾದದ್ದು. ಬೋರ್ಡಿಗೆ ಹ್ಯಾಂಡಲ್ ಇಲ್ಲ. ಅದರ ಎರಡೂ ಪಕ್ಕಗಳನ್ನು ಒಳಕ್ಕೆ ಬಾಗಿದ ಕಮಾನಿನಂತೆ ಕತ್ತರಿಸಿರುತ್ತಾರೆ. ನಡುವಿನಲ್ಲಿ ಸಣ್ಣ, ತುದಿಗಳಲ್ಲಿ ಅಗಲ. ಇದಕ್ಕೆ ಸೈಡ್‌ಕಟ್ ಎಂದು ಹೆಸರು. ಈ ಕಮಾನು ಯಾವ ದೊಡ್ಡ ವೃತ್ತದ ತುಣುಕೋ ಆ ವೃತ್ತದ ತ್ರಿಜ್ಯವೇ ಸೈಡ್‌ಕಟ್ ತ್ರಿಜ್ಯ. ಬೋರ್ಡನ್ನು ಓರೆಯಾಗಿಸಿ ಒತ್ತಿದಾಗ ಅದು ಬಾಗಿ ಇಡೀ ಅಂಚು ಹಿಮವನ್ನು ಮುಟ್ಟುತ್ತದೆ, ಆಗ ಕೊರೆಯುವ ತಿರುವಿನ ತ್ರಿಜ್ಯ ಸೈಡ್‌ಕಟ್ ತ್ರಿಜ್ಯವನ್ನು ಓರೆಯ ಕೊಸೈನಿನಿಂದ ಗುಣಿಸಿದಷ್ಟಾಗುತ್ತದೆ. ಹೆಚ್ಚು ವಾಲಿದಷ್ಟೂ ತಿರುವು ಬಿಗಿಯಾಗುತ್ತದೆ. ಅಂದರೆ ಸೈಕಲ್ಲಿನಲ್ಲಿ ತಿರುವಿಗಾಗಿ ವಾಲುತ್ತೇವೆ, ಇಲ್ಲಿ ವಾಲಿದ್ದರಿಂದಲೇ ತಿರುವು ಹುಟ್ಟುತ್ತದೆ.

ಎರಡು ಸೂತ್ರಗಳನ್ನು ಜೋಡಿಸಿದರೆ, ದೇಹದ ಓರೆ ಮತ್ತು ಬೋರ್ಡಿನ ಓರೆ ಒಂದೇ ಎಂದುಕೊಂಡಾಗ, ಸಮತಟ್ಟಾದ ಗಟ್ಟಿ ಹಿಮದ ಮೇಲೆ ವೇಗದ ವರ್ಗವು ಗುರುತ್ವ ವೇಗೋತ್ಕರ್ಷ, ಸೈಡ್‌ಕಟ್ ತ್ರಿಜ್ಯ ಮತ್ತು ಓರೆಯ ಸೈನ್, ಈ ಮೂರರ ಗುಣಲಬ್ಧಕ್ಕೆ ಸಮ ಎಂದು ಬರುತ್ತದೆ. ಸೈಡ್‌ಕಟ್ ತ್ರಿಜ್ಯ 10 ಮೀಟರ್ ಇರುವ ಬೋರ್ಡನ್ನು ತೆಗೆದುಕೊಳ್ಳೋಣ. 30 ಡಿಗ್ರಿ ಓರೆಗೆ ವೇಗ ಗಂಟೆಗೆ 25 ಕಿ.ಮೀ., ತಿರುವಿನ ತ್ರಿಜ್ಯ 8.7 ಮೀಟರ್, 45 ಡಿಗ್ರಿಗೆ 30 ಕಿ.ಮೀ. ಮತ್ತು 7.1 ಮೀಟರ್, 60 ಡಿಗ್ರಿಗೆ 33 ಕಿ.ಮೀ. ಮತ್ತು 5 ಮೀಟರ್. ಸೈನ್ 1ನ್ನು ಮೀರುವಂತಿಲ್ಲವಾದ್ದರಿಂದ ಎಷ್ಟೇ ವಾಲಿದರೂ ಈ ಬೋರ್ಡಿನ ಮೇಲೆ ಗಂಟೆಗೆ ಸುಮಾರು 36 ಕಿ.ಮೀ. ಮೀರಿದರೆ ಶುದ್ಧ ಕಾರ್ವಿಂಗ್ ಸಾಧ್ಯವಿಲ್ಲ. ತ್ರಿಜ್ಯ 20 ಮೀಟರ್ ಆದರೆ ಈ ಮಿತಿ 50 ಕಿ.ಮೀ.ಗೆ ಏರುತ್ತದೆ. ಈ ಲೆಕ್ಕವನ್ನು ಮೊದಲ ಸಲ ಮಾಡಿದಾಗ ನನಗೆ ನಂಬಿಕೆ ಬರಲಿಲ್ಲ, ಏಕೆಂದರೆ ಓರೆ 30ರಿಂದ 60 ಡಿಗ್ರಿಗೆ ಹೋದರೂ ವೇಗ ಬದಲಾಗುವುದು ಗಂಟೆಗೆ ಎಂಟು ಕಿ.ಮೀ. ಮಾತ್ರ. ಕಾರ್ವಿಂಗ್‌ಗೆ ಒಗ್ಗುವ ವೇಗದ ಪಟ್ಟಿ ಇಷ್ಟು ಕಿರಿದಾಗಿರುವುದರಿಂದಲೇ ಬೋರ್ಡಿನ ಆಯ್ಕೆ ಇಷ್ಟು ಮುಖ್ಯವಾಗುತ್ತದೆ. ನಿಜವಾದ ಇಳಿಜಾರು ಈ ಸಂಖ್ಯೆಗಳನ್ನು ಹಿಂದುಮುಂದು ಮಾಡುತ್ತದೆ, ಆದರೂ ಅಂದಾಜಿಗೆ ಇವು ಸಾಕು.

ದೇಹದ ಓರೆ ಮತ್ತು ಬೋರ್ಡಿನ ಓರೆ ಒಂದೇ ಆಗಿರಬೇಕೆಂದಿಲ್ಲ. ಮಂಡಿ, ಸೊಂಟ ಮತ್ತು ಕಣಕಾಲುಗಳನ್ನು ತಿರುವಿನ ಒಳಕ್ಕೆ ಒತ್ತಿ ದೇಹದ ಮೇಲ್ಭಾಗವನ್ನು ನೆಟ್ಟಗೆ ಇಟ್ಟರೆ ಬೋರ್ಡು ದೇಹಕ್ಕಿಂತ ಹೆಚ್ಚು ಓರೆಯಾಗುತ್ತದೆ. ಕಡಿಮೆ ವೇಗದಲ್ಲಿಯೂ ಬಿಗಿಯಾದ ತಿರುವು ಸಿಗುತ್ತದೆ, ಅಂಚಿನ ಹಿಡಿತವೂ ಭದ್ರವಾಗುತ್ತದೆ. ಇದಕ್ಕೆ ತದ್ವಿರುದ್ಧವಾಗಿ ದೇಹ ಬೋರ್ಡಿಗಿಂತ ಹೆಚ್ಚು ವಾಲಿದರೆ ಅಂಚು ತೋಡಿನಿಂದ ಹೊರಬಿದ್ದು ಜಾರುತ್ತದೆ. ಸೈಕಲ್ಲಿನವರ ಸಾಮಾನ್ಯ ತಪ್ಪು ಈ ಎರಡನೆಯದು: ತಿರುವು ಬರುವ ಮೊದಲೇ ಹೆಗಲನ್ನು ಒಳಕ್ಕೆ ಚೆಲ್ಲುವುದು.

ಲಗ್ನಪತ್ರಿಕೆಯ ಬೋರ್ಡ್

ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದದಿಂದ ಇದನ್ನು ಮೇಜಿನ ಮೇಲೆಯೇ ನೋಡಬಹುದು. ಹತ್ತಕ್ಕೆ ಒಂದರ ಅಳತೆಯಲ್ಲಿ ಸ್ಲಾಲಮ್ (ಕಂಬಗಳ ನಡುವೆ ಅಂಕುಡೊಂಕಾಗಿ ಇಳಿಯುವ ಸ್ಪರ್ಧೆ) ಬೋರ್ಡಿನ ಆಕಾರ ಮಾಡೋಣ: ಉದ್ದ 14 ಸೆಂ.ಮೀ., ತುದಿಗಳಲ್ಲಿ ಅಗಲ 23.7 ಮಿ.ಮೀ., ನಡುವಿನಲ್ಲಿ 18.9 ಮಿ.ಮೀ. ಪ್ರತಿ ಪಕ್ಕದಲ್ಲಿಯೂ ಕಮಾನಿನ ಆಳ 2.4 ಮಿ.ಮೀ. ಆಗುತ್ತದೆ. ಉದ್ದದ ವರ್ಗವನ್ನು ಆಳದ ಎಂಟರಷ್ಟರಿಂದ ಭಾಗಿಸಿದರೆ ತ್ರಿಜ್ಯ ಸುಮಾರು 102 ಸೆಂ.ಮೀ., ಅಂದರೆ ನಿಜವಾದ ಬೋರ್ಡಿನಲ್ಲಿ 10.2 ಮೀಟರ್.

ಈಗ ಕಾಗದವನ್ನು ಓರೆಯಾಗಿ ಹಿಡಿದು ಮೇಜಿಗೆ ತಾಗಿಸಿ. ಎರಡು ತುದಿಗಳು ಮಾತ್ರ ಮುಟ್ಟುತ್ತವೆ, ನಡುವಿನಲ್ಲಿ ಸಣ್ಣ ಸಂದು ಉಳಿಯುತ್ತದೆ. ಬೆರಳಿನಿಂದ ನಡುವನ್ನು ಒತ್ತಿದರೆ ಕಾಗದ ಬಾಗಿ ಸಂದು ಮುಚ್ಚುತ್ತದೆ. ಆಗ ಅಂಚಿನ ಗುಂಟ ಪೆನ್ಸಿಲ್ ಎಳೆದರೆ ಬರುವ ಗೆರೆ ಕಾಗದದ ಕಮಾನಿಗಿಂತ ಹೆಚ್ಚು ಬಾಗಿರುತ್ತದೆ. 60 ಡಿಗ್ರಿ ಓರೆಗೆ ತ್ರಿಜ್ಯ ಅರ್ಧಕ್ಕೆ, 51 ಸೆಂ.ಮೀ.ಗೆ ಇಳಿಯುತ್ತದೆ. ಬೆರಳು ಒತ್ತಿದ ಬಲವೇ ಹಿಮದ ಮೇಲೆ ಸವಾರನ ತೂಕ. ಕಾಗದದ ಬದಲು ರಟ್ಟು ಹಿಡಿದರೆ ಬಾಗಿಸುವುದು ಕಷ್ಟವಾಗುತ್ತದೆ, ತೀರ ತೆಳುವಾದ ಹಾಳೆ ಹಿಡಿದರೆ ತುದಿಗಳು ತಿರುಚಿಕೊಂಡು ಮೇಲೇಳುತ್ತವೆ. ಬೋರ್ಡ್ ತಯಾರಕರ ತಲೆನೋವೆಲ್ಲ ಈ ಒಂದು ಪ್ರಯೋಗದಲ್ಲಿದೆ: ಉದ್ದಕ್ಕೆ ಸವಾರನ ತೂಕಕ್ಕೆ ತಕ್ಕಷ್ಟು ಬಾಗಬೇಕು, ಅಡ್ಡಲಾಗಿ ತಿರುಚಿಕೊಳ್ಳಬಾರದು.

ಬೋರ್ಡಿನ ಒಳಗೆ

ಒಳಗಿನ ತಿರುಳು ಮರದ ಪಟ್ಟಿಗಳನ್ನು ಅಂಟಿಸಿ ಮಾಡಿದ್ದು. ಅದರ ಮೇಲೂ ಕೆಳಗೂ ಗಾಜಿನ ನಾರಿನ ಪದರ, ಕೆಲವದರಲ್ಲಿ ಕಾರ್ಬನ್ ನಾರು. ಅಲ್ಪೈನ್ ರೇಸಿನ, ಅಂದರೆ ಕಾರ್ವಿಂಗ್ ಮಾಡುತ್ತ ವೇಗವಾಗಿ ಇಳಿಯುವ ಸ್ಪರ್ಧೆಯ, ಬೋರ್ಡುಗಳಲ್ಲಿ ಟೈಟನಾಲ್ ಎಂಬ ಲೋಹದ ತೆಳುವಾದ ತಗಡೂ ಇರುತ್ತದೆ. ಹೆಸರು ಕೇಳಿ ಟೈಟಾನಿಯಂ ಎಂದುಕೊಳ್ಳುವವರು ಬಹಳ. ಅದು ಗಟ್ಟಿಯಾದ ಅಲ್ಯೂಮಿನಿಯಂ ಮಿಶ್ರಲೋಹ. ಅದರ ಕೆಲಸ ಬೋರ್ಡನ್ನು ಬಿರುಸು ಮಾಡುವುದಕ್ಕಿಂತ ಹೆಚ್ಚಾಗಿ ಗಟ್ಟಿ ಹಿಮದ ಮೇಲೆ ಹುಟ್ಟುವ ನಡುಕವನ್ನು ಅಡಗಿಸುವುದು. ನಡುಗುವ ಅಂಚು ಹಿಮವನ್ನು ಬಿಟ್ಟು ಬಿಟ್ಟು ಹಿಡಿಯುತ್ತದೆ; ಹಾಗೆ ಬಿಟ್ಟ ಕ್ಷಣದಲ್ಲಿಯೇ ಜಾರಾಟ ಶುರುವಾಗುತ್ತದೆ.

ಅಗಲದ ವಿಷಯದಲ್ಲಿ ಒಂದು ಸರಳ ಲೆಕ್ಕವಿದೆ. ಸಾಮಾನ್ಯ ಬೋರ್ಡಿನ ನಡು ಸುಮಾರು 25 ಸೆಂ.ಮೀ., ಅಲ್ಪೈನ್ ಬೋರ್ಡಿನದು 18ರಿಂದ 21 ಸೆಂ.ಮೀ. ಸವಾರನ ಪಾದ 27 ಸೆಂ.ಮೀ. ಎಂದುಕೊಳ್ಳಿ. ಪಾದವನ್ನು ಬೋರ್ಡಿಗೆ ಅಡ್ಡಲಾಗಿ, 15 ಡಿಗ್ರಿಯಷ್ಟೇ ಮುಂದಕ್ಕೆ ತಿರುಗಿಸಿ ನಿಂತರೆ ಅಗಲದ ದಿಕ್ಕಿನಲ್ಲಿ ಪಾದದ ಉದ್ದ 26 ಸೆಂ.ಮೀ. ಚಾಚುತ್ತದೆ; ಬೋರ್ಡು ಹೆಚ್ಚು ವಾಲಿದ ಕೂಡಲೇ ಬೂಟಿನ ತುದಿ ಹಿಮಕ್ಕೆ ಬಡಿದು ಅಂಚನ್ನು ಎತ್ತಿಬಿಡುತ್ತದೆ. 60 ಡಿಗ್ರಿ ತಿರುಗಿಸಿದರೆ ಚಾಚುವುದು ಅರ್ಧ ಮಾತ್ರ. ಆದ್ದರಿಂದಲೇ ಅಲ್ಪೈನ್ ಸವಾರರು ಬಹುಮಟ್ಟಿಗೆ ಮುಂದಕ್ಕೆ ಮುಖ ಮಾಡಿ ನಿಲ್ಲುತ್ತಾರೆ, ಸ್ಕೀ ಬೂಟಿನಂತಹ ಗಟ್ಟಿ ಪ್ಲಾಸ್ಟಿಕ್ ಬೂಟು ತೊಡುತ್ತಾರೆ. ಅಗಲ ಕಡಿಮೆಯಾದಷ್ಟೂ ಒಂದು ಅಂಚಿನಿಂದ ಇನ್ನೊಂದಕ್ಕೆ ಹೊರಳುವುದೂ ಬೇಗ.

ಇದೇ ಬಗೆಯ ಸಲಕರಣೆಯಿಂದ ಒಲಿಂಪಿಕ್ಸ್‌ನಲ್ಲಿ 1998ರ ನಗಾನೊದಿಂದ ಸ್ಪರ್ಧೆ ನಡೆಯುತ್ತಿದೆ. 2002ರಿಂದ ಇಬ್ಬರು ಪಕ್ಕಪಕ್ಕದಲ್ಲಿ ಇಳಿಯುವ ಪ್ಯಾರಲಲ್ ಜೈಂಟ್ ಸ್ಲಾಲಮ್ ರೂಪದಲ್ಲಿ. 2018ರಲ್ಲಿ ಜೆಕ್ ದೇಶದ ಎಸ್ತರ್ ಲೆಡೆಟ್ಸ್ಕಾ ಇದರಲ್ಲಿಯೂ ಸ್ಕೀಯಿಂಗ್‌ನ ಸೂಪರ್-ಜಿ ಎಂಬ ವೇಗದ ಇಳಿತದ ಸ್ಪರ್ಧೆಯಲ್ಲಿಯೂ ಒಂದೇ ಕೂಟದಲ್ಲಿ ಚಿನ್ನ ಗೆದ್ದರು. ಎರಡೂ ಕ್ರೀಡೆಗಳ ತಳಹದಿ ಅಂಚಿನ ಮೇಲಿನ ಹಿಡಿತವೇ ಆಗಿದ್ದರೂ ಎರಡು ಸಲಕರಣೆಗಳನ್ನು ಆ ಮಟ್ಟಕ್ಕೆ ಪಳಗಿಸಿಕೊಂಡವರು ಇನ್ನೊಬ್ಬರಿಲ್ಲ.

ಹಿಮದ ಹದ

ಎರೆ ಹೊಲದಲ್ಲಿ ಮಳೆ ಬಿದ್ದ ಮರುದಿನವೇ ಬಿತ್ತುವುದಿಲ್ಲ, ಹದಕ್ಕೆ ಕಾಯುತ್ತೇವೆ. ಹಸಿಯಾಗಿದ್ದರೆ ಮಣ್ಣು ಕೂರಿಗೆಗೆ ಮೆತ್ತಿಕೊಳ್ಳುತ್ತದೆ, ಒಣಗಿ ಹೋದರೆ ಮೊನೆ ಇಳಿಯುವುದಿಲ್ಲ. ಹಿಮಕ್ಕೂ ಹದವಿದೆ, ಅದು ದಿನಕ್ಕೆ ಎರಡು ಸಲವಾದರೂ ಬದಲಾಗುತ್ತದೆ. ಆಗತಾನೇ ಬಿದ್ದ ಹಿಮದ ಸಾಂದ್ರತೆ ಘನ ಮೀಟರಿಗೆ 100 ಕಿಲೋ ಆಸುಪಾಸು. ಯಂತ್ರದಿಂದ ತುಳಿದು ಹದಮಾಡಿದ ಹಿಮ 400–500 ಕಿಲೋ. ಮಂಜುಗಡ್ಡೆ 917 ಕಿಲೋ. ಮೊದಲನೆಯದರಲ್ಲಿ ತೋಡಿನ ಗೋಡೆ ನಿಲ್ಲುವುದೇ ಇಲ್ಲ, ಸಣ್ಣ ನಡುವಿನ ಅಲ್ಪೈನ್ ಬೋರ್ಡು ಮುಳುಗುತ್ತದೆ. ಕೊನೆಯದರಲ್ಲಿ ಅಂಚು ಇಳಿಯುವುದೇ ಕಷ್ಟ. ಕಾರ್ವಿಂಗ್‌ನ ಹದ ನಡುವಿನದು.

ಗುಲ್ಮಾರ್ಗದ ಹೆಸರು ಹೊರದೇಶಗಳಲ್ಲಿ ಹಬ್ಬಿರುವುದು ಈ ಹದಕ್ಕಾಗಿ ಅಲ್ಲವೆಂಬುದನ್ನು ನಮ್ಮ ಗುಂಪಿನವರು ಮೊದಲೇ ತಿಳಿದಿರಬೇಕು. ಊರು ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಗೊಂಡೋಲಾ ಎಂಬ ಕೇಬಲ್ ಕಾರಿನ ಮೊದಲ ಹಂತ ಕೊಂಗ್‌ಡೋರಿಗೆ, ಎರಡನೆಯದು ಅಫರ್ವತ್ ಬೆಟ್ಟದ ಮೇಲೆ 3,900 ಮೀಟರಿಗೂ ಮಿಕ್ಕಿದ ಎತ್ತರಕ್ಕೆ ಒಯ್ಯುತ್ತದೆ. ಅಲ್ಲಿ ಮೇಲೆ ಸಿಗುವುದು ಆಳವಾದ, ಯಂತ್ರ ಮುಟ್ಟದ ಹಿಮ. ಹಿಮಕುಸಿತದ ಅಪಾಯವೂ ಇರುವ ಜಾಗ. ಕಾರ್ವಿಂಗ್ ಕಲಿಯುವವರಿಗೆ ಬೇಕಾದದ್ದು ಕೆಳಗಿನ ತಗ್ಗಾದ, ತುಳಿದು ಗಟ್ಟಿಮಾಡಿದ ಇಳಿಜಾರು. ಡಿಸೆಂಬರ್ 21ರಿಂದ ನಲವತ್ತು ದಿನಗಳ ಚಿಲ್ಲೈ ಕಲಾನ್ ಎಂಬ ಕಡುಚಳಿಯ ಅವಧಿಯಲ್ಲಿ ಹಿಮ ಒಣಗಿ ಹುಡಿಯಾಗಿರುತ್ತದೆ. ಫೆಬ್ರುವರಿಯಿಂದಾಚೆಗೆ ಬಿಸಿಲು ಏರುತ್ತ, ಮಧ್ಯಾಹ್ನ ಕರಗಿದ ಮೇಲ್ಪದರ ರಾತ್ರಿ ಹೆಪ್ಪುಗಟ್ಟಿ ಬೆಳಗ್ಗೆ ಗಾಜಿನಂತಾಗುವ ದಿನಗಳು ಹೆಚ್ಚುತ್ತವೆ. ಅಂತಹ ದಿನ ಬೆಳಗ್ಗೆ ಎದ್ದ ಕೂಡಲೇ ಓಡುವುದಕ್ಕಿಂತ, ಬಿಸಿಲು ಮೇಲ್ಪದರವನ್ನು ಒಂದೆರಡು ಸೆಂ.ಮೀ. ಸಡಿಲಿಸುವವರೆಗೆ ಚಹಾ ಕುಡಿಯುತ್ತ ಕೂರುವುದು ಲೇಸು. ಆ ಹದ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಮಧ್ಯಾಹ್ನಕ್ಕೆ ರಾಡಿ.

ಈ ಮಾತನ್ನು ನಾನು ಪೆಟ್ಟು ತಿಂದು ಕಲಿತೆ. ಮೊದಲ ಸಲ ಹೋದಾಗ ಬಾಡಿಗೆಗೆ ಸಿಕ್ಕ ಬೋರ್ಡಿನ ಅಂಚಿಗೆ ತುಕ್ಕು ಹಿಡಿದಿತ್ತು. ಹೆಪ್ಪುಗಟ್ಟಿದ ಬೆಳಗಿನ ಹಿಮದ ಮೇಲೆ ಹಿಮ್ಮಡಿಯ ಕಡೆಯ ತಿರುವಿಗೆ ವಾಲಿದಾಗಲೆಲ್ಲ ಜಾರಿ ಸೊಂಟದ ಮೇಲೆ ಬೀಳುತ್ತಿದ್ದೆ, ಎರಡು ದಿನ ನನ್ನ ಕಾಲುಗಳನ್ನೇ ಬೈದುಕೊಂಡೆ. ಮೂರನೆಯ ದಿನ ಜೊತೆಗಿದ್ದವರೊಬ್ಬರು ನನ್ನ ಹೆಬ್ಬೆರಳಿನ ಉಗುರನ್ನು ಅಂಚಿಗೆ ಅಡ್ಡಲಾಗಿ ಸವರಿಸಿದರು. ಹರಿತವಾದ ಅಂಚು ಉಗುರಿನಿಂದ ಬಿಳಿ ಹುಡಿಯನ್ನು ಕೆರೆದು ತೆಗೆಯಬೇಕು. ನನ್ನದು ಚಮಚದ ಹಿಡಿಯಂತೆ ನುಣ್ಣಗೆ ಜಾರಿತು. ಅಂಚನ್ನು ಅರದಿಂದ ಮಸೆಯುವಾಗ ಪಕ್ಕದ ಕೋನವನ್ನು 90ರ ಬದಲು 88 ಅಥವಾ 89 ಡಿಗ್ರಿಗೆ ಇಳಿಸಿ ಹರಿತ ಮಾಡುತ್ತಾರೆ, ತಳದ ಕಡೆ ಒಂದು ಡಿಗ್ರಿಯಷ್ಟು ಎತ್ತಿ ಸುಮ್ಮಸುಮ್ಮನೆ ಹಿಮಕ್ಕೆ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳುತ್ತಾರೆ. ಬಾಡಿಗೆ ಕೊಡುವ ಮೊದಲು ಉಗುರಿನ ಪರೀಕ್ಷೆ, ಅಳತೆಪಟ್ಟಿಯಿಂದ ಸೈಡ್‌ಕಟ್ ಆಳದ ಅಳತೆ, ಇವೆರಡಕ್ಕೆ ಐದು ನಿಮಿಷ ಸಾಕು. ತ್ರಿಜ್ಯ 8 ಮೀಟರ್ ಎಂದು ಬಂದರೆ ಗಂಟೆಗೆ 32 ಕಿ.ಮೀ. ಆಚೆಗೆ ಆ ಬೋರ್ಡಿನಿಂದ ಶುದ್ಧ ಗೆರೆಯನ್ನು ನಿರೀಕ್ಷಿಸಬೇಡಿ.

ಇಳಿಜಾರು ಮಾಡುವ ಕಿತಾಪತಿ

ಯುರೋಪಿನಲ್ಲಿ ನೀಲಿ ಗುರುತಿನ ಸುಲಭ ಇಳಿಜಾರುಗಳು ಶೇ. 25ರವರೆಗೆ, ಅಂದರೆ 14 ಡಿಗ್ರಿಯವರೆಗೆ ಇರುತ್ತವೆ. ಅಷ್ಟರಲ್ಲಿಯೇ ತೂಕದ ಸುಮಾರು ನಾಲ್ಕನೆಯ ಒಂದು ಪಾಲು ಇಳಿಜಾರಿನ ಗುಂಟ ಕೆಳಕ್ಕೆ ಎಳೆಯುತ್ತದೆ. ತಿರುವಿನ ಮೇಲರ್ಧದಲ್ಲಿ, ಅಂದರೆ ಬೋರ್ಡು ನೀರು ಹರಿಯುವ ದಿಕ್ಕಿಗೆ ಬರುವ ಮೊದಲು, ಈ ಎಳೆತ ತಿರುವಿನ ಒಳಕ್ಕೆ ಇರುವುದರಿಂದ ಅಂಚಿನ ಹೊರೆ ಹಗುರವಾಗುತ್ತದೆ. ಕೆಳಾರ್ಧದಲ್ಲಿ ಅದೇ ಎಳೆತ ಹೊರಕ್ಕೆ ತಿರುಗಿ ಹೊರೆಗೆ ಹೊರೆ ಸೇರುತ್ತದೆ, ವೇಗವೂ ಅಷ್ಟರಲ್ಲಿ ಹೆಚ್ಚಿರುತ್ತದೆ. ಹೊಸಬರು ಮೇಲರ್ಧದಲ್ಲಿ ಹಿಂಜರಿದು ಕೆಳಾರ್ಧದಲ್ಲಿ ಗಾಬರಿಯಿಂದ ಒಮ್ಮೆಲೇ ಒತ್ತುತ್ತಾರೆ. ಬೋರ್ಡು ಗಡಗಡ ನಡುಗಿ ಜಾರುವುದು ಅಲ್ಲಿಯೇ. ಬೇಗ ವಾಲಿ, ನೀರಿನ ದಿಕ್ಕಿಗೆ ಬರುವಷ್ಟರಲ್ಲಿ ಓರೆಯ ಬಹುಪಾಲನ್ನು ಮುಗಿಸಿ, ಕೆಳಗೆ ಮಂಡಿಗಳನ್ನು ಮೆತ್ತಗೆ ಮಡಚುತ್ತ ಹೊರೆಯನ್ನು ಹೀರಿಕೊಳ್ಳಬೇಕು.

ಇದು ಆಗಿದೆಯೋ ಇಲ್ಲವೋ ಎಂದು ತಿಳಿಯಲು ವಿಡಿಯೋ ಬೇಕಿಲ್ಲ. ಕೆಳಗೆ ನಿಂತು ತಿರುಗಿ ನಿಮ್ಮ ಗೆರೆಯನ್ನು ನೋಡಿ, ಸಾಧ್ಯವಾದರೆ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಬೆರಳು ಇಟ್ಟು ಅಳೆಯಿರಿ. ಒಂದು ಬೆರಳಿನ ಅಗಲದಲ್ಲಿ ಶುರುವಾದ ಗೆರೆ ತಿರುವಿನ ಕೊನೆಯಲ್ಲಿ ಗೇಣು ಅಗಲವಾಗಿದ್ದರೆ ಅಲ್ಲಿ ಅಂಚು ಬಿಟ್ಟಿದೆ. ಮೊದಲಿನಿಂದಲೇ ಅಗಲವಿದ್ದರೆ ಬೋರ್ಡನ್ನು ವಾಲಿಸುವ ಬದಲು ಕಾಲಿನಿಂದ ತಿರುಗಿಸಿದ್ದೀರಿ. ಕಳೆದ ಸಲ ಊರಿಗೆ ಮರಳುವ ಹಿಂದಿನ ದಿನ ನಾನು ಅಳೆದ ಹನ್ನೊಂದು ತಿರುವುಗಳಲ್ಲಿ ಬೆರಳಿನ ಗೆರೆ ಕೊನೆಯವರೆಗೂ ಉಳಿದದ್ದು ಮೂರರಲ್ಲಿ, ಮೂರೂ ಕಾಲ್ಬೆರಳಿನ ಕಡೆಯವು.