ಪಣಂಬೂರಿನ ಗೇಟು, ಕುಶಾಲನಗರದ ಸೀಲು

ಕಾಫಿ ರಫ್ತುದಾರರಿಗೆ ಹಡಗು ಕಂಪನಿ ಕಳಿಸುವ ಇನ್‌ವಾಯ್ಸಿನಲ್ಲಿ ಸಾಗಣೆ ದರದ ಕೆಳಗೆ ‘ಐಎಸ್‌ಪಿಎಸ್’ ಅಥವಾ ‘ಭದ್ರತಾ ಶುಲ್ಕ’ ಎಂಬ ಸಣ್ಣ ಸಾಲೊಂದು ಇರುವುದುಂಟು. ಕೇಳಿದವರು ಕಡಿಮೆ, ಕಟ್ಟಿದವರೇ ಹೆಚ್ಚು. ಸಮುದ್ರವೇ ಇಲ್ಲದ ಕೊಡಗಿಗೆ ಬಂದರಿನ ಭದ್ರತೆಯ ಗೊಡವೆ ಯಾಕೆ ಅನ್ನಿಸಬಹುದು. ಆದರೆ ನಮ್ಮ ಕಾಫಿ ಕಡಲು ದಾಟುವುದೇ ಆ ವ್ಯವಸ್ಥೆಯ ಮೂಲಕ. ಅದರಲ್ಲಿ ಯಾರ ಹೊಣೆ ಎಲ್ಲಿಗೆ ಮುಗಿಯುತ್ತದೆ ಎಂದು ಗೊತ್ತಿದ್ದರೆ, ಕಂಟೇನರ್ ಮಂಗಳೂರಿನ ಪಣಂಬೂರು ಬಂದರಿನಲ್ಲಿ ತಡೆದು ನಿಂತಾಗ ಯಾವ ಬಾಗಿಲು ತಟ್ಟಬೇಕೆಂಬುದೂ ಗೊತ್ತಿರುತ್ತದೆ.

ಅಮೆರಿಕದ ಮೇಲಿನ 2001ರ ಸೆಪ್ಟೆಂಬರ್ ದಾಳಿಯ ನಂತರ ಅಂತರರಾಷ್ಟ್ರೀಯ ಕಡಲ ಸಂಸ್ಥೆ 2002ರ ಡಿಸೆಂಬರಿನಲ್ಲಿ ಹಡಗು ಮತ್ತು ಬಂದರುಗಳ ಭದ್ರತಾ ಸಂಹಿತೆಯನ್ನು ಅಂಗೀಕರಿಸಿತು. ಐಎಸ್‌ಪಿಎಸ್ ಅಂದರೆ ಇದೇ. 2004ರ ಜುಲೈ 1ರಿಂದ ಜಾರಿಯಲ್ಲಿದೆ. ಅಂತರರಾಷ್ಟ್ರೀಯ ಯಾನ ಮಾಡುವ ಪ್ರಯಾಣಿಕ ಹಡಗು, 500 ಗ್ರಾಸ್ ಟನ್ನೇಜ್ (ಹಡಗಿನ ಒಳಗಾತ್ರದ ಅಳತೆ) ಮತ್ತು ಮೇಲಿನ ಸರಕು ಹಡಗು, ಅಂಥ ಹಡಗುಗಳು ತಂಗುವ ಬಂದರು, ಇವಕ್ಕೆ ಅನ್ವಯ. ಯುದ್ಧನೌಕೆಗಳಿಗಿಲ್ಲ.

ಊರೂರಿಗೂ ಮಾಜಿ ಸೈನಿಕರಿರುವ ಜಿಲ್ಲೆ ನಮ್ಮದು. ಭದ್ರತೆ ಅಂದರೆ ಕಣ್ಣೆದುರು ಬರುವುದು ಬಂದೂಕು. ಈ ಸಂಹಿತೆಯಲ್ಲಿ ಬಂದೂಕಿಗಿಂತ ಕಾಗದಕ್ಕೂ ಗೇಟಿಗೂ ಕೆಲಸ ಜಾಸ್ತಿ. ಮೊದಲು ಬಂದರಿನ ದುರ್ಬಲ ಜಾಗಗಳ ಮೌಲ್ಯಮಾಪನ. ಅದರ ಮೇಲೆ ಭದ್ರತಾ ಯೋಜನೆ. ಅದನ್ನು ನಡೆಸಲು ಒಬ್ಬ ಬಂದರು ಭದ್ರತಾ ಅಧಿಕಾರಿ. ಹಡಗಿಗೂ ಹೀಗೆಯೇ ಯೋಜನೆ, ಅಧಿಕಾರಿ, ಗರಿಷ್ಠ 5 ವರ್ಷದ ಪ್ರಮಾಣಪತ್ರ. ಮೌಲ್ಯಮಾಪನ ಮಾಡುವುದನ್ನು, ಹಡಗಿನ ಯೋಜನೆ ಪರಿಶೀಲಿಸುವುದನ್ನು ಸರ್ಕಾರ ಮಾನ್ಯತೆ ಪಡೆದ ಖಾಸಗಿ ಸಂಸ್ಥೆಗೆ ವಹಿಸಬಹುದು. ಕೆಲವನ್ನು ಮಾತ್ರ ಯಾರಿಗೂ ವಹಿಸುವಂತಿಲ್ಲ: ಭದ್ರತಾ ಮಟ್ಟ ಘೋಷಿಸುವುದು, ಬಂದರಿನ ಮೌಲ್ಯಮಾಪನಕ್ಕೂ ಯೋಜನೆಗೂ ಒಪ್ಪಿಗೆ ಕೊಡುವುದು, ಯಾವ ಬಂದರಿಗೆ ಭದ್ರತಾ ಅಧಿಕಾರಿ ಬೇಕೆಂದು ತೀರ್ಮಾನಿಸುವುದು, ಹೊರಗಿನಿಂದ ಬಂದ ಹಡಗನ್ನು ತಡೆಯುವುದು ಅಥವಾ ಹೊರಗಟ್ಟುವುದು. ಟರ್ಮಿನಲ್ ಖಾಸಗಿಯವರ ಕೈಯಲ್ಲಿದೆ, ನಮಗೆ ಸಂಬಂಧವಿಲ್ಲ ಎಂದು ಸರ್ಕಾರ ಕೈತೊಳೆದುಕೊಳ್ಳಲು ಇದರಲ್ಲಿ ದಾರಿಯಿಲ್ಲ.

ಭದ್ರತಾ ಮಟ್ಟ ಮೂರು. ಒಂದನೆಯದು ದಿನನಿತ್ಯದ್ದು: ಪಾಸು ನೋಡುವುದು, ಬೇಲಿ, ದೀಪ, ಆಯ್ದ ತಪಾಸಣೆ. ಎರಡನೆಯದಕ್ಕೆ ಏರಿದರೆ ಒಳಹೋಗುವ ಗೇಟುಗಳು ಕಡಿಮೆಯಾಗುತ್ತವೆ, ಬಿಚ್ಚಿ ನೋಡುವ ಲಾರಿಗಳು ಹೆಚ್ಚುತ್ತವೆ, ಹೊರಗೆ ಸಾಲು ಬೆಳೆಯುತ್ತದೆ. ಮೂರನೆಯದು ಅಪಾಯ ಎದುರಿಗಿದೆ ಎಂದಾಗ. ಎಲ್ಲ ಓಡಾಟ ನಿಲ್ಲಿಸಿದರೂ ನಿಲ್ಲಿಸಿದರು. ಹಡಗಿನ ಮಟ್ಟ ಬಂದರಿನದಕ್ಕಿಂತ ಕೆಳಗಿರುವಂತಿಲ್ಲ. ಮೇಲಿದ್ದರೆ, ಯಾರು ಯಾವುದನ್ನು ಕಾಯಬೇಕೆಂದು ಇಬ್ಬರೂ ಬರೆದು ಸಹಿ ಹಾಕಿಕೊಳ್ಳಬೇಕಾಗಬಹುದು.

ಸರ್ಕಾರ ಇದರಲ್ಲಿ ಸಡಿಲ ಬಿಟ್ಟರೆ ಪೆಟ್ಟು ಬೀಳುವುದು ಹಡಗಿಗೆ. ಬಂದರಿಗೆ ಬರುವ ಹಡಗು ಹಿಂದಿನ 10 ಬಂದರುಗಳ ವಿವರ ಕೊಡಲು ಸಿದ್ಧವಿರಬೇಕು. ಭದ್ರತೆ ಸಾಲದೆಂದು ತಾನು ಗುರುತಿಸಿದ ದೇಶದ ಬಂದರು ಕೊನೆಯ 5 ತಂಗುದಾಣಗಳಲ್ಲಿ ಇದ್ದರೆ ಅಮೆರಿಕದ ಕೋಸ್ಟ್ ಗಾರ್ಡ್ ಆ ಹಡಗಿಗೆ ಪ್ರವೇಶದ ಷರತ್ತು ಹಾಕುತ್ತದೆ. ಅಂಥ ಬಂದರಿನತ್ತ ಹಡಗು ಕಂಪನಿಗಳು ಬರಲು ಹಿಂದೇಟು ಹಾಕಿದರೆ ನಷ್ಟ ಕಡೆಗೆ ಸರಕು ಕಳಿಸುವವನಿಗೆ.

ನಮ್ಮಲ್ಲಿ ಸಂಹಿತೆಯ ಹೊಣೆ ಹೊತ್ತಿರುವುದು ಕೇಂದ್ರದ ಹಡಗು ಮಹಾನಿರ್ದೇಶನಾಲಯ. ಸಂವಿಧಾನದ ಪ್ರಕಾರ ಪ್ರಮುಖ ಬಂದರುಗಳು ಕೇಂದ್ರ ಪಟ್ಟಿಯಲ್ಲಿವೆ, ಉಳಿದವು ಸಮವರ್ತಿ ಪಟ್ಟಿಯಲ್ಲಿ. ಪಣಂಬೂರಿನ ನವ ಮಂಗಳೂರು ಬಂದರು 1974ರಿಂದ ಪ್ರಮುಖ ಬಂದರು; ಅದರ ಕಾವಲು ಕೇಂದ್ರ ಕೈಗಾರಿಕಾ ಭದ್ರತಾ ಪಡೆಯದು (ಸಿಐಎಸ್‌ಎಫ್). ಹಳೆ ಮಂಗಳೂರು, ಮಲ್ಪೆ, ಕಾರವಾರ ರಾಜ್ಯದ ಪಾಲಿಗೆ. ನೀರಿನ ಮೇಲೆ ತೀರದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿ.ಮೀ. ತನಕ ಕರಾವಳಿ ಕಾವಲು ಪೊಲೀಸರ ವ್ಯಾಪ್ತಿ. ಅದರಾಚೆ ಕೋಸ್ಟ್ ಗಾರ್ಡ್, ಒಟ್ಟಾರೆ ಹೊಣೆ ನೌಕಾಪಡೆಯದು. ಈ ಒಟ್ಟಾರೆ ಹೊಣೆ ನೌಕಾಪಡೆಗೆ ಬಂದದ್ದು 2008ರ ಮುಂಬೈ ದಾಳಿಯ ನಂತರ. ಆ ದಾಳಿಕೋರರು ಬಂದದ್ದು ಅಪಹರಿಸಿದ ಮೀನುಗಾರಿಕಾ ದೋಣಿಯಲ್ಲಿ. 500 ಟನ್ನೇಜಿನ ಗೆರೆಗಿಂತ ಎಷ್ಟೋ ಕೆಳಗಿನದು. ಸಂಹಿತೆಯ ದೊಡ್ಡ ತೂತು ಇದೇ ಎಂಬುದು ನಮ್ಮ ಅಭಿಪ್ರಾಯ, ಅದನ್ನು ಮುಚ್ಚುವುದು ಆಯಾ ದೇಶದ ಸರ್ಕಾರಕ್ಕೇ ಬಿಟ್ಟದ್ದು.

ಇನ್ನು ನಮ್ಮ ಪಾಲು. ಬಂದರಿನ ಬೇಲಿ ಎಷ್ಟೇ ಎತ್ತರವಿರಲಿ, ಒಳಗೆ ಬರುವ ಪೆಟ್ಟಿಗೆ ತುಂಬುವುದು ಕಾಫಿ ಬೀಜ ಹದಮಾಡಿ ವಿಂಗಡಿಸುವ ಕುಶಾಲನಗರದ ಕ್ಯೂರಿಂಗ್ ವರ್ಕ್ಸಿನಲ್ಲಿ. ಖಾಲಿ ಕಂಟೇನರ್ ಬಂದಾಗ ಏಳು ಕಡೆ ನೋಡಬೇಕು: ಎದುರು ಗೋಡೆ, ಎಡ, ಬಲ, ನೆಲ, ಮೇಲ್ಛಾವಣಿ, ಬಾಗಿಲು, ಅಡಿಭಾಗ. ಒಳಗಿನ ಉದ್ದ ಅಳೆದು ಹೊರಗಿನದರೊಂದಿಗೆ ಹೋಲಿಸಿ. ಒಂದು ಗೇಣು ಕಡಿಮೆ ಬಂದರೆ ಸುಳ್ಳು ಗೋಡೆ ಇರಬಹುದು. 60 ಕೆ.ಜಿ.ಯ 320 ಚೀಲ ತುಂಬಿದರೆ ಕಾಫಿಯೇ 19,200 ಕೆ.ಜಿ. ಗೋಣಿಯ ತೂಕ, ಬಾಗಿಲ ಮೇಲೆ ಬರೆದಿರುವ ಖಾಲಿ ಪೆಟ್ಟಿಗೆಯ ತೂಕ ಸೇರಿಸಿ ಘೋಷಿಸಬೇಕು. 2016ರ ಜುಲೈಯಿಂದ ಇದು ಕಡ್ಡಾಯ. ಬಂದರಿನ ತೂಕದ ಸೇತುವೆಯಲ್ಲಿ ವ್ಯತ್ಯಾಸ ಕಂಡರೆ ಅನುಮಾನ ಅಲ್ಲೇ ಶುರು.

ಸೀಲ್ ಹಾಕುವುದು ಬಲಬಾಗಿಲಿಗೆ, ಯಾಕೆಂದರೆ ಅದು ಎಡಬಾಗಿಲ ಮೇಲೆ ಕೂರುತ್ತದೆ, ಅದನ್ನು ತೆಗೆಯದೆ ಎಡದ್ದು ತೆರೆಯದು. ಕಂಟೇನರ್ ಸೀಲುಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 17712 ದರ್ಜೆಯ ಬೋಲ್ಟ್ ಸೀಲೇ ಬೇಕು. ಬೋಲ್ಟಿನ ಮೇಲಿನ ಸಂಖ್ಯೆಯೂ ಅದು ಕೂರುವ ಕೆಳಗಿನ ಲಾಕಿನ ಸಂಖ್ಯೆಯೂ ಒಂದೇ ಇದೆಯೇ ನೋಡಿ, ಕಟಕ್ ಎನ್ನುವವರೆಗೆ ಒತ್ತಿ, ಎಳೆದು, ತಿರುಚಿ ಪರೀಕ್ಷಿಸಿ. ಸೀಲ್ ಮುಟ್ಟದೆಯೂ ಕಳ್ಳತನ ನಡೆಯುತ್ತದೆ: ಹಿಡಿಯ ರಿವೆಟ್ ಕೊರೆದು ತೆಗೆದು, ಬಾಗಿಲು ತೆರೆದು, ಮತ್ತೆ ರಿವೆಟ್ ಹೊಡೆದು ಬಣ್ಣ ಬಳಿಯುತ್ತಾರೆ. ಹೊಸ ಬಣ್ಣದ ಅಥವಾ ಬೇರೆ ಗಾತ್ರದ ರಿವೆಟ್ ಕಂಡರೆ ಆ ಪೆಟ್ಟಿಗೆ ತುಂಬಬೇಡಿ. ಸ್ವಂತ ಜಾಗದಲ್ಲಿ ಸೀಲ್ ಮಾಡಲು ಅನುಮತಿ ಇರುವವರು 2017ರಿಂದ ರೇಡಿಯೋ ಅಲೆಯಿಂದ ಓದಬಹುದಾದ ಆರ್‌ಎಫ್‌ಐಡಿ ಇ-ಸೀಲ್ ಬಳಸಬೇಕು. ಶಿಪ್ಪಿಂಗ್ ಬಿಲ್ (ಕಸ್ಟಮ್ಸ್‌ಗೆ ಸಲ್ಲಿಸುವ ರಫ್ತು ದಾಖಲೆ), ಕಂಟೇನರ್, ಲಾರಿ, ಸೀಲ್ ಸಂಖ್ಯೆಗಳನ್ನೂ ಸೀಲ್ ಹಾಕಿದ ಸಮಯವನ್ನೂ ದಾಖಲಿಸಬೇಕು. ಒಂದು ಅಂಕಿ ತಪ್ಪಿದರೂ ದಾಖಲೆಗೂ ಪೆಟ್ಟಿಗೆಗೂ ತಾಳೆಯಾಗದು. ಸೀಲ್ ಕೆದಕಿದ ಗುರುತು ಸಿಕ್ಕರೆ ಕಸ್ಟಮ್ಸ್ ತಪಾಸಣೆ ಕಡ್ಡಾಯ.

ಮಡಿಕೇರಿಯಿಂದ ಮಂಗಳೂರಿನತ್ತ ಇಳಿಯುವ ಸಂಪಾಜೆ ಘಾಟಿಯ ಮಾತು ಬೇರೆ. ಮಳೆಗಾಲದಲ್ಲಿ ಭಾರೀ ವಾಹನ ನಿಲ್ಲಿಸಿದರೆಂದರೆ ಲಾರಿ ರಾತ್ರಿಯಿಡೀ ರಸ್ತೆ ಬದಿಯಲ್ಲೇ. 2018ರ ಆಗಸ್ಟಿನ ಕುಸಿತದ ನಂತರ ಈ ಭಯ ಯಾವ ಚಾಲಕನಿಗೂ ಹೊಸದಲ್ಲ. ಮಡಿಕೇರಿ ಬಿಡುವ ಮೊದಲೇ ಚಾಲಕ ಮಾರ್ಗ ವಿಚಾರಿಸಿ, ಸುತ್ತುದಾರಿ ಹಿಡಿದರೆ ರಫ್ತುದಾರನಿಗೆ ಬರೆದು ತಿಳಿಸಲಿ. ನಿಂತಾಗ ಬಾಗಿಲಿರುವ ಹಿಂಭಾಗ ಗೋಡೆಗೋ ಇನ್ನೊಂದು ಲಾರಿಗೋ ತಾಗುವಂತೆ ನಿಲ್ಲಿಸಲಿ. ಹೊರಡುವಾಗ ಸೀಲಿನ ಫೋಟೋ ತೆಗೆಯಲಿ. ಸೀಲ್ ಮುರಿದದ್ದು ಕಂಡರೆ ಚಾಲಕ ಹೊಸದು ಹಾಕಬಾರದು. ಹತ್ತಿರದ ಠಾಣೆಯಲ್ಲಿ ದೂರು ಬರೆಸಿ, ರಫ್ತುದಾರನ ಮೂಲಕ ಬಂದರಿನ ಕಸ್ಟಮ್ಸ್‌ಗೆ ತಿಳಿಸಿ, ಪೆಟ್ಟಿಗೆಯನ್ನು ಇದ್ದ ಸ್ಥಿತಿಯಲ್ಲೇ ತಪಾಸಣೆಗೆ ಒಪ್ಪಿಸಬೇಕು. ಹಡಗು ತಪ್ಪಿದರೆ ಮುಂದಿನದರಲ್ಲಿ ಜಾಗ ಸಿಗುತ್ತದೆ; ಸಂಖ್ಯೆ ಹೊಂದದ ಸೀಲಿನೊಂದಿಗೆ ಗೇಟಿಗೆ ಹೋದವರಿಗೆ ವಿವರಣೆ ಕೊಡುವುದರಲ್ಲೇ ವಾರ ಕಳೆಯಬಹುದು.